ಹಿಮದಲ್ಲಿ ನಿಂತ ಎಂಜಿನ್: ಯಾರನ್ನು ಕೇಳಬೇಕು?

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ನೆಲ ಕೀವಿನಾ ಪರ್ಯಾಯದ್ವೀಪ. ಸರೋವರದ ತೇವವನ್ನು ಹೊತ್ತು ಬರುವ ಗಾಳಿ ಅಲ್ಲಿ ಒಂದೊಂದು ಚಳಿಗಾಲದಲ್ಲಿ 5 ಮೀಟರಿಗೂ ಹೆಚ್ಚು ಹಿಮ ಸುರಿಸುತ್ತದೆ. ಸ್ನೋಮೊಬೈಲ್ ಅಲ್ಲಿ ಆಟದ ವಸ್ತುವೂ ಹೌದು, ಓಡಾಟದ ಗಾಡಿಯೂ ಹೌದು. ಜನ ಅದನ್ನು ಸ್ಲೆಡ್ ಎಂದೇ ಕರೆಯುತ್ತಾರೆ. ಅಲ್ಲಿನ ಹೋಟನ್ ಊರಿನ ಒಂದು ಗ್ಯಾರೇಜಿನಲ್ಲಿ ಇಬ್ಬರು ಕನ್ನಡಿಗರು ಮಾತಾಡುತ್ತಿದ್ದಾರೆ. ಹಿರಿಯರು ಮೈಸೂರಿನಲ್ಲಿ ಯೆಜ್ಡಿ ಬೈಕುಗಳನ್ನು ಬಿಚ್ಚಿ ಜೋಡಿಸುತ್ತ ಕೆಲಸ ಕಲಿತವರು. ಯುವತಿ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಓದಿ, ಈಗ ಎಂಜಿನ್ ನಿಯಂತ್ರಿಸುವ ಕಂಪ್ಯೂಟರುಗಳಿಗೆ ಇಂಧನದ ಲೆಕ್ಕ ಹಾಕಿಕೊಡುವವಳು. ಅವರ ಮುಂದಿರುವುದು ಎರಡು ಸಿಲಿಂಡರಿನ, ಎರಡು ಕಾರ್ಬುರೇಟರಿನ ಹಳೆಯ ಟೂ-ಸ್ಟ್ರೋಕ್ ಸ್ಲೆಡ್. ಅವಳು ಅದನ್ನು ಈ ಚಳಿಗಾಲದಲ್ಲಿ ವಯೋಮಿಂಗ್‌ನ ಬೆಟ್ಟದ ಸೀಮೆಯಿಂದ ಕೊಂಡು ತಂದಿದ್ದಾಳೆ. ಸಾವಕಾಶ ಹೋದರೆ ಸರಿಯಾಗಿ ಓಡುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೆ ಬಲ ಕಳೆದುಕೊಂಡು ಮುಗ್ಗರಿಸುತ್ತದೆ.

ಯುವತಿ: ಹೊಸ ಪ್ಲಗ್ ಎರಡು ತಂದಿದ್ದೇನೆ. ಹಳೆಯದನ್ನು ಬಿಸಾಡಿ ಇವನ್ನು ಹಾಕಿಬಿಡೋಣ. ಪ್ಲಗ್ ಬದಲಿಸಿದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ.

ಹಿರಿಯರು: ಹಾಕೋಣ, ಆದರೆ ಹಳೆಯದನ್ನು ಈಗಲೇ ಬಿಸಾಡಬೇಡ. ಎಂಜಿನ್ ಒಳಗೆ ಏನು ನಡೆದಿದೆ ಅನ್ನುವುದಕ್ಕೆ ನಮ್ಮ ಕೈಯಲ್ಲಿರುವ ಸಾಕ್ಷಿ ಅವೆರಡೇ. ಮೊದಲು ಗ್ಯಾರೇಜಿನ ಬಾಗಿಲು ಪೂರ್ತಿ ತೆಗಿ. ಚಳಿ ಅಂತ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಿ, ಕಾರ್ಬನ್ ಮಾನಾಕ್ಸೈಡಿಗೆ ಪ್ರಾಣ ಕೊಟ್ಟವರಿದ್ದಾರೆ. ಆಮೇಲೆ ಪ್ಲಗ್ ಬಿಚ್ಚು, ಯಾವುದು ಯಾವ ಸಿಲಿಂಡರಿನದು ಅಂತ ಗುರುತಿಟ್ಟುಕೋ. ಗುರುತು ತಪ್ಪಿದರೆ ಸಾಕ್ಷಿಯೂ ಕೆಟ್ಟಿತು.

ಯುವತಿ: ಬಿಚ್ಚಿದೆ. ಎರಡೂ ಬೆಳ್ಳಗಿವೆ. ಕ್ಲಚ್ ಕಡೆಯದು ತುಸು ಹೆಚ್ಚು ಅನ್ನಬಹುದು. ಮಸಿ ಎಲ್ಲೂ ಇಲ್ಲ. ಮಸಿ ಇಲ್ಲದಿದ್ದರೆ ಒಳ್ಳೆಯದೇ ಅಲ್ಲವಾ?

ಹಿರಿಯರು: ಅಲ್ಲ. ಕಾಫಿಪುಡಿಯ ಕಂದು ಬಣ್ಣ ಇದ್ದರೆ ಎಂಜಿನ್ ನೆಮ್ಮದಿಯಾಗಿದೆ ಅಂತ ಅರ್ಥ. ಒಣ ಕಪ್ಪು ಮಸಿ ಕಂಡರೆ ಪೆಟ್ರೋಲು ಜಾಸ್ತಿ, ಗಾಳಿ ಕಮ್ಮಿ. ಒದ್ದೆ ಕಪ್ಪಾದರೆ ಸುಡದ ಪೆಟ್ರೋಲೋ ಎಣ್ಣೆಯೋ ಕೂತಿದೆ. ಚೋಕ್ ಸಿಕ್ಕಿಕೊಂಡಿರಬಹುದು, ಫ್ಲೋಟ್ ಬಟ್ಟಲಿನ ಸೂಜಿ ಸೋರುತ್ತಿರಬಹುದು, ಇಲ್ಲವೇ ಕಿಡಿಯೇ ದುರ್ಬಲವಾಗಿರಬಹುದು. ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಒಳಗೆ ಕಾವು ಏರಿದೆ. ಆ ಬಿಳುಪಿನ ಮೇಲೆ ಅಲ್ಯೂಮಿನಿಯಮ್ಮಿನ ಸಣ್ಣ ಚುಕ್ಕೆ ಕಂಡರಂತೂ ಪಿಸ್ಟನ್ ಕರಗಲು ಶುರುವಾಗಿದೆ ಅಂತ. ಕಪ್ಪು ಪ್ಲಗ್ಗಿನವರು ಸ್ಲೆಡ್ ಸ್ಟಾರ್ಟ್ ಆಗದೆ ಮನೆಯಲ್ಲೇ ಉಳಿಯುತ್ತಾರೆ. ಬಿಳಿ ಪ್ಲಗ್ಗಿನವರು ಹೊರಟುಬಿಡುತ್ತಾರೆ, ದಾರಿಯ ನಡುವೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಸೀಜ್ ಆಗಿ ನಿಲ್ಲುತ್ತಾರೆ. ಹಾಗಾಗಿ ನನಗೆ ಭಯ ಬಿಳಿಯದ್ದೇ.

ಯುವತಿ: ಈ ಬಣ್ಣದ ಶಾಸ್ತ್ರವನ್ನು ನಾನು ಪೂರ್ತಿ ನಂಬುವುದಿಲ್ಲ. ಪೆಟ್ರೋಲಿನಲ್ಲಿ ಸೀಸ ಇದ್ದ ಕಾಲದಲ್ಲಿ ಬಣ್ಣ ಸ್ಪಷ್ಟವಾಗಿ ಕೂರುತ್ತಿತ್ತು. ಈಗಿನ ಪೆಟ್ರೋಲು ಬೇರೆ, ಎಣ್ಣೆಯಲ್ಲಿರುವ ಬಣ್ಣ ಬೇರೆ, ಎಥನಾಲ್ ಬೇರೆ. ಹೊಸ ಪ್ಲಗ್ ಹಾಕಿ ಹತ್ತು ನಿಮಿಷ ಓಡಿಸಿದರೆ ಅದೂ ಬೆಳ್ಳಗೇ ಇರುತ್ತದೆ. ನೀವು ಈಗ ನೋಡುತ್ತಿರುವುದು ನಾನು ನಿಧಾನವಾಗಿ ಮನೆಗೆ ಬಂದು ನಿಲ್ಲಿಸಿದಾಗಿನ ಬಣ್ಣ. ಪೂರ್ತಿ ಥ್ರಾಟಲ್‌ನಲ್ಲಿ ಏನಾಯಿತು ಅನ್ನುವುದು ಅದರಲ್ಲಿ ಹೇಗೆ ಗೊತ್ತಾಗುತ್ತದೆ?

ಹಿರಿಯರು: ನೀನು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೇ ಪ್ಲಗ್ ಓದುವವರು ಉದ್ದದ ನೇರ ಹಾದಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು, ಅದೇ ವೇಗದಲ್ಲಿ ಕಿಲ್ ಸ್ವಿಚ್ ಒತ್ತಿ ನಿಲ್ಲಿಸಿ, ಅಲ್ಲೇ ಪ್ಲಗ್ ಬಿಚ್ಚುತ್ತಾರೆ. ತುದಿಯ ಬಣ್ಣಕ್ಕಿಂತ ಪಿಂಗಾಣಿಯ ಬುಡದಲ್ಲಿ, ಲೋಹದೊಳಗೆ ಇಳಿಯುವ ಕಡೆ ಭೂತಗನ್ನಡಿ ಹಿಡಿದು ನೋಡುತ್ತಾರೆ. ಅಲ್ಲಿರುವ ಸಣ್ಣ ಕಪ್ಪು ಉಂಗುರ, ಪೂರ್ತಿ ಥ್ರಾಟಲ್ ಕೊಟ್ಟಾಗ ಕಾರ್ಬುರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ರಂಧ್ರವಾದ ಮೇನ್ ಜೆಟ್‌ನ ಸುದ್ದಿ ಹೇಳುತ್ತದೆ. ಪ್ಲಗ್ಗಿನ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ನಿನ ತಲೆಯನ್ನೂ ನೋಡಬೇಕು. ಹೊಸ ಗಾಳಿ-ಪೆಟ್ರೋಲು ನುಗ್ಗುವ ಅಂಚಿನಲ್ಲಿ ಮಸಿ ತೊಳೆದು ಹೋದ ಜಾಗ ಇರಬೇಕು. ಅದೂ ಇಲ್ಲ, ಇಡೀ ತಲೆ ಒಣಗಿ ಬಿಳಿಚಿಕೊಂಡಿದೆ ಅಂದರೆ ಸಾಕ್ಷಿ ಎರಡಾಯಿತು. ಒಂದೇ ಗುರುತು ನೋಡಿ ತೀರ್ಪು ಕೊಡಬೇಕು ಅಂತ ನಾನೂ ಹೇಳುವುದಿಲ್ಲ.

ಯುವತಿ: ಸರಿ, ಟಾರ್ಚ್ ಬಿಟ್ಟೆ. ಎರಡೂ ಪಿಸ್ಟನ್ ಒಣಗಿಯೇ ಇವೆ. ಮುಂದೆ?

ಹಿರಿಯರು: ಎರಡು ಸಿಲಿಂಡರ್ ಇರುವುದರ ಲಾಭವೇ ಇದು, ಒಂದನ್ನು ಇನ್ನೊಂದರ ಜೊತೆ ಹೋಲಿಸಬಹುದು. ಒಂದು ಕಂದು, ಒಂದು ಬಿಳಿ ಇದ್ದಿದ್ದರೆ ತಪ್ಪು ಆ ಒಂದರ ಹತ್ತಿರವೇ ಇರುತ್ತಿತ್ತು. ಕಾರ್ಬುರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರ್ ಬೂಟ್ ಬಿರಿದು ಕಳ್ಳಗಾಳಿ ಸೇರುತ್ತಿರಬಹುದು. ಆ ಕಡೆಯ ಜೆಟ್‌ನಲ್ಲಿ ಕಸ ಕೂತಿರಬಹುದು. ಕ್ರ್ಯಾಂಕಿನ ಸೀಲ್ ಹರಿದಿರಬಹುದು. ಎರಡೂ ಬಿಳಿ ಅಂದಾಗ ಎರಡಕ್ಕೂ ಸೇರಿದ ಜಾಗದಲ್ಲಿ ಹುಡುಕು. ಟ್ಯಾಂಕಿನೊಳಗಿನ ಫಿಲ್ಟರ್, ಪೆಟ್ರೋಲಿನ ಪೈಪು, ಪಂಪು. ಈ ಪಂಪಿಗೆ ಮೋಟರ್ ಇಲ್ಲ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿದಂತೆ ಒಂದು ತೆಳು ಪೊರೆ ಮೇಲೆ ಕೆಳಗೆ ಆಡಿ ಪೆಟ್ರೋಲು ದೂಡುತ್ತದೆ. ಆ ಒತ್ತಡ ತರುವ ಸಣ್ಣ ರಬ್ಬರ್ ಕೊಳವೆ ಬಿರಿದರೆ ನಿಧಾನಕ್ಕೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ, ಪೂರ್ತಿ ಥ್ರಾಟಲ್ ಕೊಟ್ಟಾಗ ಪೆಟ್ರೋಲು ಸಾಲುವುದಿಲ್ಲ. ನಿನ್ನ ಗಾಡಿಯ ಲಕ್ಷಣವೂ ಅದೇ.

ಯುವತಿ: ಕೊಳವೆ, ಫಿಲ್ಟರ್ ಎರಡನ್ನೂ ತಂದ ವಾರವೇ ಹೊಸದು ಹಾಕಿದ್ದೇನೆ. ಪಂಪಿನ ಪೊರೆಯೂ ಹೊಸದು. ಒಂದು ನಿಮಿಷ. ಇದು ವಯೋಮಿಂಗ್‌ನಲ್ಲಿ ಓಡುತ್ತಿದ್ದ ಗಾಡಿ. ಅಲ್ಲಿ 2,500 ಮೀಟರ್ ಎತ್ತರದಲ್ಲಿ ಗಾಳಿ ತೆಳು. ಇಲ್ಲಿ ನಾವು ಸಮುದ್ರಮಟ್ಟದಿಂದ 200 ಮೀಟರ್ ಆಸುಪಾಸಿನಲ್ಲಿದ್ದೇವೆ. ಅದೇ ಸಿಲಿಂಡರಿಗೆ ಸುಮಾರು ಕಾಲು ಭಾಗ ಹೆಚ್ಚು ಗಾಳಿ ಸೇರುತ್ತದೆ. ಜೊತೆಗೆ 0 ಡಿಗ್ರಿಗೆ ಹೋಲಿಸಿದರೆ -30ರಲ್ಲಿ ಗಾಳಿ ಶೇಕಡ 12ರಷ್ಟು ದಟ್ಟ. ಗಾಳಿ ಹೆಚ್ಚಿತು, ಜೆಟ್‌ನ ರಂಧ್ರ ಬೆಟ್ಟಕ್ಕೆ ಅಳೆದು ಹಾಕಿದ್ದೇ ಉಳಿಯಿತು. ಹಿಂದಿನ ಮಾಲೀಕರು ಬೆಟ್ಟದ ಜೆಟ್‌ನಲ್ಲೇ ಮಾರಿದ್ದಾರೆ!

ಹಿರಿಯರು: ಕಾರ್ಬುರೇಟರಿನ ಬಟ್ಟಲು ಬಿಚ್ಚಿ ನೋಡು. ಮೇನ್ ಜೆಟ್‌ನ ಮೇಲೆ ಅಂಕಿ ಕೊರೆದಿರುತ್ತದೆ. ಪುಸ್ತಕದಲ್ಲಿ ಎತ್ತರಕ್ಕೂ ಚಳಿಗೂ ಎಷ್ಟು ಅಂಕಿ ಅಂತ ಕೋಷ್ಟಕ ಕೊಟ್ಟಿರುತ್ತಾರೆ. ಥ್ರಾಟಲ್ ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್‌ನ ಆಳ್ವಿಕೆ, ನಡುವೆ ಸೂಜಿಯದು, ಮೊದಲ ಕಾಲು ಭಾಗ ಪೈಲಟ್ ಜೆಟ್‌ನದು. ಯಾವ ಹಂತದಲ್ಲಿ ಮುಗ್ಗರಿಸುತ್ತದೆ ಅಂತ ಗಮನಿಸಿದರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ತಿಳಿದಂತೆ.

ಯುವತಿ: ಅಂಕಿ ಚಿಕ್ಕದೇ ಇದೆ. ಆದರೆ ನನ್ನ ವಾದಕ್ಕೆ ಇದೇ ಪುರಾವೆ ನೋಡಿ. ಈಗಿನ ಇಂಜೆಕ್ಷನ್ ಎಂಜಿನ್‌ನಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇದೆ, ಗಾಳಿಯ ತಾಪ ಅಳೆಯುವ ಸೆನ್ಸರ್ ಇದೆ. ಬೆಳಿಗ್ಗೆ ಬೆಟ್ಟದ ಮೇಲೆ, ಮಧ್ಯಾಹ್ನ ಸರೋವರದ ಮೇಲೆ ಓಡಿಸಿದರೂ ಅದು ಪೆಟ್ರೋಲನ್ನು ತಾನೇ ಹೊಂದಿಸಿಕೊಳ್ಳುತ್ತದೆ. ನಾಕ್ ಸೆನ್ಸರ್ ಇದ್ದರೆ ಒಳಗೆ ಬಡಿತ ಶುರುವಾದ ಕೂಡಲೇ ಕಿಡಿಯ ಸಮಯ ಹಿಂದಕ್ಕೆ ಸರಿಸಿ ಪಿಸ್ಟನ್ ಉಳಿಸುತ್ತದೆ. ನಾವು ಇಷ್ಟು ಹೊತ್ತು ಹುಡುಕಿದ ತಪ್ಪು ಅಲ್ಲಿ ಹುಟ್ಟುವುದೇ ಇಲ್ಲ. ಕಾರ್ಬುರೇಟರ್ ಅರೆಕೊರೆಯ ಯಂತ್ರವಾಗಿತ್ತು, ಅದಕ್ಕೇ ನಿಮ್ಮ ಜ್ಞಾನ ಬೇಕಾಯಿತು.

ಹಿರಿಯರು: ಎತ್ತರದ ವಿಷಯದಲ್ಲಿ, ಚಳಿಯ ವಿಷಯದಲ್ಲಿ ನೀನು ಗೆದ್ದೆ. ಜೆಟ್ ಬದಲಿಸುತ್ತ ಕೈಬೆರಳು ಮರಗಟ್ಟಿಸಿಕೊಳ್ಳುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಆದರೆ ಸರಿದೂಗಿಸುವ ಯಂತ್ರದ ಇನ್ನೊಂದು ಗುಣವನ್ನೂ ಯೋಚಿಸು. ಪಂಪು ನಿಧಾನವಾಗಿ ಸೋಲುತ್ತ ಬಂದರೆ ಕಾರ್ಬುರೇಟರಿನ ಸ್ಲೆಡ್ ಮೊದಲ ದಿನವೇ ಗೊಣಗುತ್ತದೆ, ಮುಗ್ಗರಿಸುತ್ತದೆ. ನಿನ್ನ ನಾಕ್ ಸೆನ್ಸರ್ ಬಡಿತ ಕೇಳಿದ ಕೂಡಲೇ ಕಿಡಿ ಹಿಂದೆ ಸರಿಸಿ ಸುಮ್ಮನಾಗಿಸುತ್ತದೆ. ಓಡಿಸುವವನಿಗೆ ಬಲ ತುಸು ಕಮ್ಮಿ ಅನ್ನಿಸಬಹುದು, ಅಷ್ಟೇ. ತೊಂದರೆ ಬೆಳೆಯುತ್ತಲೇ ಇರುತ್ತದೆ. ಸರಿಸಲು ಇನ್ನು ಜಾಗವಿಲ್ಲ ಅಂದ ದಿನ ದೀಪ ಹೊತ್ತಿಕೊಳ್ಳುತ್ತದೆ. ಆ ದಿನ ಅವನು ಎಲ್ಲಿರುತ್ತಾನೆ?

ಯುವತಿ: ದೀಪ ಹೊತ್ತಿಕೊಂಡಾಗ ಎಂಜಿನ್ ಸತ್ತೇ ಹೋಗುವುದಿಲ್ಲ. ವೇಗ ಮಿತಿಗೊಳಿಸಿಕೊಂಡು ಕುಂಟುತ್ತಾದರೂ ಮನೆಗೆ ತಲುಪಿಸುವ ಹಾಗೆ ನಾವು ಬರೆದಿರುತ್ತೇವೆ. ನಿಮ್ಮ ಹಳೆಯ ಎಂಜಿನ್ ಸೀಜ್ ಆದರೆ ಆ ಕರುಣೆ ತೋರಿಸುವುದಿಲ್ಲ.

ಹಿರಿಯರು: ಕುಂಟಿಕೊಂಡು ಬರುವುದು ದೊಡ್ಡ ಉಪಕಾರ, ಒಪ್ಪಿದೆ. ಈಗ ನೀನು ತಂದ ಹೊಸ ಪ್ಲಗ್ ನೋಡೋಣ. ಬಿಆರ್9ಇಎಸ್. ಆರ್ ಅಂದರೆ ಒಳಗೆ ರೆಸಿಸ್ಟರ್ ಇದೆ, 9 ಅಂದರೆ ಶಾಖದ ದರ್ಜೆ. ಎನ್‌ಜಿಕೆ ಕಂಪನಿಯದರಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು. ಚಾಂಪಿಯನ್‌ನಲ್ಲಿ ಲೆಕ್ಕ ತಿರುಗುಮುರುಗು. ಪ್ಲಗ್ ಪದೇ ಪದೇ ಮಸಿ ಹಿಡಿಯುತ್ತದೆ ಅಂತ ಕೆಲವರು 9ರ ಜಾಗಕ್ಕೆ 7 ಹಾಕುತ್ತಾರೆ. ಮಸಿ ನಿಲ್ಲುತ್ತದೆ. ಅವರಿಗೆ ಗೆದ್ದ ಸಂತೋಷ. ಪೂರ್ತಿ ಥ್ರಾಟಲ್‌ನಲ್ಲಿ ಎರಡು ಮೈಲಿ ಓಡಿದಾಗ ಪ್ಲಗ್ಗಿನ ತುದಿ ಕೆಂಪಗೆ ಕಾದು, ಕಿಡಿಗೆ ಕಾಯದೆ ತಾನೇ ಬೆಂಕಿ ಹೊತ್ತಿಸುತ್ತದೆ, ಪಿಸ್ಟನ್ನಿಗೆ ತೂತು ಬೀಳುತ್ತದೆ.

ಯುವತಿ: ಅದರ ಭೌತಶಾಸ್ತ್ರ ಗೊತ್ತು. ತುದಿ 450 ಡಿಗ್ರಿ ದಾಟಿದರೆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ, 800 ದಾಟಿದರೆ ಅಪಾಯ. ಆ ನಡುವೆ ಇರುವ ಹಾಗೆ ದರ್ಜೆ ಆರಿಸುವುದು ತಯಾರಕರ ಕೆಲಸ. ಹಾಗಾಗಿ ಅವರು ಹೇಳಿದ ಅಂಕಿಯನ್ನು ಬಿಟ್ಟು ಆಚೀಚೆ ಹೋಗಬಾರದು ಅಂತಲೇ ನಾನೂ ಹೇಳುವುದು. ಮಸಿ ಬಂದರೆ ಮಸಿಯ ಕಾರಣ ಹುಡುಕಬೇಕು. ಇಲ್ಲಿ ನಮ್ಮಿಬ್ಬರಲ್ಲಿ ಜಗಳವೇ ಇಲ್ಲ.

ಹಿರಿಯರು: ಇಲ್ಲ. ಸಂದು 0.7 ಮಿಲಿಮೀಟರ್ ಇದೆಯೇ ಅಂತ ಅಳೆದು ಹಾಕು. ಕೈಯಲ್ಲಿ ತಿರುಗಿಸಿ ಕೂರಿಸಿದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿಗಿಂತ ತುಸು ಹೆಚ್ಚು ಸಾಕು. ತಲೆ ಅಲ್ಯೂಮಿನಿಯಮ್ಮಿನದು, ಜೋರು ಮಾಡಿದರೆ ಥ್ರೆಡ್ ಹೋಗುತ್ತದೆ. ಇನ್ನು ಎಣ್ಣೆಗೆ ಬರೋಣ. ಪೆಟ್ರೋಲು, ಕಿಡಿ, ಒತ್ತಡ ಮೂರರಲ್ಲಿ ಯಾವುದು ತಪ್ಪಿದರೂ ಎಂಜಿನ್ ನಿಲ್ಲುತ್ತದೆ, ತಿದ್ದಿದರೆ ಮತ್ತೆ ಓಡುತ್ತದೆ. ಎಣ್ಣೆ ತಪ್ಪಿದರೆ ತಿದ್ದಲು ಏನೂ ಉಳಿಯುವುದಿಲ್ಲ.

ಯುವತಿ: ಯೆಜ್ಡಿ ಕಾಲದಲ್ಲಿ ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕುತ್ತಿದ್ದರಂತಲ್ಲ?

ಹಿರಿಯರು: ಹೌದು. ಯೆಜ್ಡಿ ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ 1961ರಿಂದ 1996ರವರೆಗೆ ಟೂ-ಸ್ಟ್ರೋಕ್ ಬೈಕು ಮಾಡಿತು. ಬಂಕಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಅಳೆದು ಹಾಕಿಸಿಕೊಳ್ಳುವುದು ಆ ಊರಿನ ಹುಡುಗರಿಗೆಲ್ಲ ಬಾಯಿಪಾಠ. ಹಳೆಯ ಸ್ಲೆಡ್ಡುಗಳದೂ ಅದೇ ಪದ್ಧತಿ. 50ಕ್ಕೆ 1 ಅಂದರೆ ಲೀಟರಿಗೆ 20 ಮಿಲಿ, 40ಕ್ಕೆ 1 ಅಂದರೆ 25 ಮಿಲಿ. ಎಣ್ಣೆ ಹೆಚ್ಚಾದರೆ ಕ್ಷೇಮ ಅಂತ ಕೆಲವರು ಸುರಿಯುತ್ತಾರೆ. ಎಣ್ಣೆ ಕೂತ ಜಾಗದಲ್ಲಿ ಪೆಟ್ರೋಲು ಅಷ್ಟು ಕಮ್ಮಿಯಾಯಿತು. ಜೆಟ್‌ನಲ್ಲಿ ಅದು ದಪ್ಪವಾಗಿ ಹರಿಯುತ್ತದೆ. ಎಂಜಿನ್ ಇನ್ನಷ್ಟು ಕಾಯುತ್ತದೆ. ಅತಿಯಾದ ಎಣ್ಣೆ ಪ್ಲಗ್ಗನ್ನೂ ಕೆಡಿಸುತ್ತದೆ, ಪಿಸ್ಟನ್ನನ್ನೂ ಉಳಿಸುವುದಿಲ್ಲ.

ಯುವತಿ: ಈ ಸ್ಲೆಡ್ಡಿಗೆ ಬೇರೆಯದೇ ಎಣ್ಣೆ ಟ್ಯಾಂಕ್ ಇದೆ. ಪಂಪು ಥ್ರಾಟಲ್ ಕೇಬಲ್ಲಿಗೆ ಕಟ್ಟಿಕೊಂಡು, ಎಷ್ಟು ಬೇಕೋ ಅಷ್ಟೇ ಕೊಡುತ್ತದೆ. ಎಣ್ಣೆ ಇಳಿದರೆ ಕೆಂಪು ದೀಪ.

ಹಿರಿಯರು: ದೀಪ ಹೇಳುವುದು ಟ್ಯಾಂಕಿನಲ್ಲಿ ಎಣ್ಣೆ ಇದೆ ಅಂತ. ಸಿಲಿಂಡರಿಗೆ ಸೇರುತ್ತಿದೆಯೇ ಅನ್ನುವುದು ಅದಕ್ಕೆ ಗೊತ್ತಿಲ್ಲ. ಪಂಪು ಬಿಚ್ಚಿದಾಗ ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದಿರಬಹುದು. ಕೇಬಲ್ ಹೊಂದಾಣಿಕೆ ತಪ್ಪಿರಬಹುದು. ಚಳಿಗೆ ತಕ್ಕದ್ದಲ್ಲದ ಎಣ್ಣೆ -30ರಲ್ಲಿ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿ ಕೊಳವೆಯಲ್ಲಿ ಸರಿಯದೆ ಕೂತಿರಬಹುದು. ಆಗ ಪ್ಲಗ್ ಕಂದು ಬಣ್ಣದಲ್ಲೇ ಇರುತ್ತದೆ, ದೀಪವೂ ಆರಿಯೇ ಇರುತ್ತದೆ, ಪಿಸ್ಟನ್ ಒಣಗುತ್ತದೆ. ನನ್ನ ಸಾಕ್ಷಿಯೂ ಸುಳ್ಳು ಹೇಳಿತು, ನಿನ್ನದೂ ಸುಳ್ಳು ಹೇಳಿತು.

ಯುವತಿ: ಹಾಗಿದ್ದರೆ ಯಾರನ್ನು ಕೇಳಬೇಕು?

ಹಿರಿಯರು: ಎಣ್ಣೆ ಎಷ್ಟು ಇಳಿಯಿತು ಅಂತ ಟ್ಯಾಂಕನ್ನೇ ಕೇಳಬೇಕು. ಒಂದು ಟ್ಯಾಂಕ್ ಪೆಟ್ರೋಲಿಗೆ ಎಷ್ಟು ಎಣ್ಣೆ ಹಾಕಿದೆ ಅಂತ ಪ್ರತಿ ಸಲ ಬರೆದಿಡು. ಎಣ್ಣೆ ಇಳಿಯದೆ ಹಾಗೇ ಇದ್ದರೆ ಖುಷಿಪಡಬೇಡ, ಅಲ್ಲೇ ನಿಲ್ಲಿಸು. ಪಂಪಿಗೆ ಕೈಹಾಕಿದ ಮೇಲೆ ಗಾಳಿ ತೆಗೆದು, ಮೊದಲ ಟ್ಯಾಂಕ್ ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಓಡಿಸು. ಎಣ್ಣೆ ಆರಿಸುವಾಗ ಡಬ್ಬಿಯ ಮೇಲೆ ಯಾವ ಚಳಿಯವರೆಗೆ ಹರಿಯುತ್ತದೆ ಅಂತ ಓದು. ದೋಣಿಯ ಎಂಜಿನ್ನಿಗೆ ಮಾಡಿದ ಎಣ್ಣೆ ಅಗ್ಗ ಅಂತ ಇಲ್ಲಿ ಸುರಿಯಬೇಡ. ಅದು ತಣ್ಣೀರಲ್ಲಿ ನಿಧಾನ ಓಡುವ ಎಂಜಿನ್ನಿಗೆ ಆಗಿಬರುವಂಥದ್ದು.

ಯುವತಿ: ಲೆಕ್ಕ ಬರೆದಿಡುವ ಕೆಲಸವನ್ನೇ ತಾನೇ ನಾನು ಕಂಪ್ಯೂಟರಿಗೆ ಕಲಿಸುತ್ತಿರುವುದು! ಎಣ್ಣೆಯ ವಿಷಯಕ್ಕೆ ಬಂದಿದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ನೀವು ಪ್ರೀತಿಸುವ ಈ ಎಂಜಿನ್ನಿನ ಹೊಗೆಯನ್ನು ಉಸಿರಾಡಿದವರು ಯಾರು? ಕಾರ್ಬುರೇಟರಿನ ಟೂ-ಸ್ಟ್ರೋಕ್‌ನಲ್ಲಿ ಹೊಸ ಪೆಟ್ರೋಲು ಒಳಗೆ ಬರುವಾಗ ಎಕ್ಸಾಸ್ಟ್ ಬಾಗಿಲು ಇನ್ನೂ ತೆರೆದೇ ಇರುತ್ತದೆ. ಸುಮಾರು ಕಾಲು ಭಾಗ ಪೆಟ್ರೋಲು ಸುಡದೆ ಹಾಗೇ ಹೊರಗೆ ಹೋಗುತ್ತದೆ. ಈ ಶತಮಾನದ ಆರಂಭದ ಚಳಿಗಾಲಗಳಲ್ಲಿ ಯೆಲ್ಲೊಸ್ಟೋನ್ ಉದ್ಯಾನದ ಪಶ್ಚಿಮ ದ್ವಾರದಲ್ಲಿ ಸ್ಲೆಡ್ಡುಗಳ ಸಾಲಿನ ನೀಲಿ ಹೊಗೆ ತಡೆಯಲಾರದೆ ರೇಂಜರುಗಳು ಉಸಿರಾಟದ ಮುಖವಾಡ ಹಾಕಿಕೊಂಡು ಕೆಲಸ ಮಾಡಿದರು. ಆ ಹೊಗೆಯ ಬಗ್ಗೆ ಮೊದಲೇ ಎದ್ದಿದ್ದ ಜಗಳದಿಂದಲೇ 2000ದಲ್ಲಿ ವಿದ್ಯಾರ್ಥಿಗಳಿಗೆ ಕ್ಲೀನ್ ಸ್ನೋಮೊಬೈಲ್ ಸ್ಪರ್ಧೆ ಶುರುವಾದದ್ದು. 2003ರಲ್ಲಿ ಅದು ನಮ್ಮ ಈ ಊರಿಗೇ ಬಂತು. ನಾನು ಇಂಜೆಕ್ಷನ್ ಕಲಿತದ್ದು ಅಲ್ಲಿ.

ಹಿರಿಯರು: ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಆ ಹೊಗೆ ತಪ್ಪು.

ಯುವತಿ: ಎಕ್ಸಾಸ್ಟ್ ಬಾಗಿಲು ಮುಚ್ಚಿಕೊಂಡ ಮೇಲೆ ಸಿಲಿಂಡರಿಗೇ ನೇರವಾಗಿ ಪೆಟ್ರೋಲು ಚಿಮ್ಮಿಸುವ ಟೂ-ಸ್ಟ್ರೋಕ್ 2009ರ ಸ್ಕಿ-ಡೂ ಸ್ಲೆಡ್ ಮಾದರಿಯಲ್ಲಿ ಬಂತು, ಇ-ಟೆಕ್ ಅನ್ನುವ ಹೆಸರಲ್ಲಿ. ಪೆಟ್ರೋಲು ಉಳಿಯಿತು, ಎಣ್ಣೆ ಉಳಿಯಿತು, ಹೊಗೆ ಇಳಿಯಿತು. ಬೇಸಿಗೆಗೆ ಎತ್ತಿಡುವಾಗ ಎಂಜಿನ್ ತಾನೇ ಒಳಗೆ ಎಣ್ಣೆ ಲೇಪಿಸಿಕೊಳ್ಳುತ್ತದೆ. ಯಮಾಹಾ 2002ರಲ್ಲೇ ಆರ್‌ಎಕ್ಸ್-1 ಅನ್ನುವ ಫೋರ್-ಸ್ಟ್ರೋಕ್ ಸ್ಲೆಡ್ ತಂದಿತ್ತು; ಅದರಲ್ಲಂತೂ ಪೆಟ್ರೋಲಿನ ಜೊತೆ ಎಣ್ಣೆ ಸುಡುವ ಮಾತೇ ಇಲ್ಲ.

ಹಿರಿಯರು: ಹೊಸದರಲ್ಲೂ ಕಣ್ಣಿಡುವ ಜಾಗಗಳಿವೆ. ಇ-ಟೆಕ್‌ನ ಪ್ಲಗ್ಗನ್ನು ಒಳಗಿನ ಸಂದು ಇಂಥದೇ ದಿಕ್ಕಿಗೆ ಮುಖಮಾಡುವ ಹಾಗೆ ಕೂರಿಸಬೇಕು. ಹೇಗೋ ತಿರುಗಿಸಿ ಬಿಗಿದರೆ ಪೆಟ್ರೋಲಿನ ತುಂತುರಿಗೆ ಕಿಡಿ ಸರಿಯಾಗಿ ತಾಗುವುದಿಲ್ಲ. ಫೋರ್-ಸ್ಟ್ರೋಕ್‌ನಲ್ಲಿ ಇನ್ನೊಂದು ಬಗೆ. ಚಳಿಯಲ್ಲಿ ಐದೈದು ನಿಮಿಷ ಓಡಿಸಿ ನಿಲ್ಲಿಸುತ್ತಿದ್ದರೆ ಸುಡದ ಪೆಟ್ರೋಲು ಪಿಸ್ಟನ್ ಸಂದಿನಿಂದ ಇಳಿದು ಎಂಜಿನ್ ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಏರುತ್ತ ಹೋಗುತ್ತದೆ. ಏರಿದ್ದು ನೋಡಿ ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಮೂಸಿ ನೋಡಬೇಕು. ಪೆಟ್ರೋಲಿನ ವಾಸನೆ ಬಂದರೆ ಆ ಎಣ್ಣೆಗೆ ಬೇರಿಂಗ್ ಕಾಯುವ ಶಕ್ತಿ ಹೋಗಿದೆ ಅಂತ.

ಯುವತಿ: ಪೆಟ್ರೋಲಿನ ಗುಣದ ಬಗ್ಗೆ ನೀವು ಇನ್ನೂ ಏನೂ ಹೇಳಲಿಲ್ಲ. ಇಂಜೆಕ್ಷನ್ ಇದ್ದರೂ ಕಾರ್ಬುರೇಟರ್ ಇದ್ದರೂ ನನಗೆ ತಲೆನೋವು ಅದರದ್ದೇ. ಎಥನಾಲ್ ಬೆರೆತ ಇ10 ಪೆಟ್ರೋಲು ತೇವ ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದಾಗ ಎಥನಾಲ್ ನೀರಿನ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ಪಂಪು ಹೀರುವುದು ಅದನ್ನೇ. ಮಿನ್ನೆಸೋಟದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸಲೇಬೇಕು ಅನ್ನುವ ಕಾನೂನಿದ್ದರೂ, ಸ್ನೋಮೊಬೈಲು, ದೋಣಿಗಳಂಥವುಗಳಿಗೆ ಎಥನಾಲ್ ಇಲ್ಲದ ಪ್ರೀಮಿಯಂ ಮಾರಬಹುದು ಅಂತ ವಿನಾಯಿತಿ ಕೊಟ್ಟಿದ್ದಾರೆ.

ಹಿರಿಯರು: ಸಿಕ್ಕರೆ ಅದನ್ನೇ ಹಾಕು. ಎಥನಾಲ್ ಇಲ್ಲದ ಪೆಟ್ರೋಲಿಗೆ ಒಂದು ತೊಡಕಿದೆ. ಅದರಲ್ಲಿ ಸೇರಿದ ನೀರು ಹನಿಯಾಗಿಯೇ ಉಳಿದು ಪೈಪಿನಲ್ಲಿ ಮಂಜುಗಡ್ಡೆಯಾಗಿ ಕಟ್ಟಿಕೊಳ್ಳುತ್ತದೆ, ಅದಕ್ಕೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಬೇಕು. ಇ10ರಲ್ಲಿ ಆಲ್ಕೊಹಾಲ್ ಆಗಲೇ ಇರುವುದರಿಂದ ಮತ್ತೆ ಸುರಿಯಬಾರದು. ಬೇಸಿಗೆಯ ಪೆಟ್ರೋಲು ಟ್ಯಾಂಕಿನಲ್ಲಿ ಉಳಿದಿದ್ದರೆ ಡಿಸೆಂಬರಿನಲ್ಲಿ ಸ್ಟಾರ್ಟ್ ಮಾಡುವ ಹಗ್ಗ ಎಷ್ಟು ಎಳೆದರೂ ಎಂಜಿನ್ ಹತ್ತುವುದಿಲ್ಲ. ಚಳಿಗಾಲದ ಪೆಟ್ರೋಲನ್ನು ಬೇಗ ಆವಿಯಾಗುವ ಹಾಗೆ ಮಾಡಿರುತ್ತಾರೆ. ಎಂಟು ತಿಂಗಳು ಬಟ್ಟಲಲ್ಲಿ ಕೂತ ಪೆಟ್ರೋಲು ಅಂಟಾಗಿ ಪೈಲಟ್ ಜೆಟ್ ಮುಚ್ಚುತ್ತದೆ. ಚಳಿಗಾಲ ಮುಗಿದ ಕೂಡಲೇ ಬಟ್ಟಲು ಬರಿದು ಮಾಡುವ ಕೆಲಸವನ್ನು ಇದುವರೆಗೆ ಯಾವ ಕಂಪ್ಯೂಟರೂ ಮಾಡಿಕೊಟ್ಟಿಲ್ಲ.

ಯುವತಿ: ಬಟ್ಟಲೇ ಇಲ್ಲದ ಎಂಜಿನ್ ಮಾಡಿಕೊಟ್ಟಿದ್ದೇವೆ!

ಹಿರಿಯರು: ಅದೂ ನಿಜ. ಆದರೆ ಮನೆಯಿಂದ 40 ಮೈಲಿ ದೂರದಲ್ಲಿ, ಕತ್ತಲಾಗುವ ಹೊತ್ತಿಗೆ ಸ್ಲೆಡ್ ನಿಂತಿತು ಅಂತ ಇಟ್ಟುಕೋ. ಪೆಟ್ರೋಲು ಜಾಸ್ತಿಯಾಗಿ ಪ್ಲಗ್ ಒದ್ದೆಯಾಗಿದೆ. ನನಗೆ ಏನು ಮಾಡಬೇಕು ಗೊತ್ತು. ಪೆಟ್ರೋಲಿನ ವಾಲ್ವ್ ಮುಚ್ಚು, ಚೋಕ್ ತೆಗಿ, ಕಿಲ್ ಸ್ವಿಚ್ ಒತ್ತು, ಪ್ಲಗ್ಗುಗಳನ್ನು ಬಿಚ್ಚಿ ಕ್ಯಾಪಿನೊಳಗೇ ಇಟ್ಟು ತೂತಿನಿಂದ ದೂರ ಲೋಹಕ್ಕೆ ತಾಗಿಸು. ಥ್ರಾಟಲ್ ಪೂರ್ತಿ ಹಿಡಿದು ಹಗ್ಗ ಎಳೆದರೆ ಒಳಗಿನ ಪೆಟ್ರೋಲು ತೂತಿನಿಂದ ಉಗಿಯುತ್ತದೆ. ಒಣ ಪ್ಲಗ್ ಹಾಕು. ನಿನ್ನ ಎಂಜಿನ್ ನಿಂತರೆ ಪರದೆಯ ಮೇಲೆ ಒಂದು ಸಂಖ್ಯೆ ಬರುತ್ತದೆ. ಸಂಖ್ಯೆಯ ಅರ್ಥ ಡೀಲರನ ಕಂಪ್ಯೂಟರಿನಲ್ಲಿದೆ, ಡೀಲರು ಪಟ್ಟಣದಲ್ಲಿದ್ದಾನೆ. ಈ ಗಾಡಿ ಹುಟ್ಟಿದ ಕಥೆ ನೆನಪಿಸಿಕೋ. ಕ್ವಿಬೆಕ್‌ನ ವಾಲ್ಕೂರ್‌ನಲ್ಲಿ 1934ರ ಚಳಿಗಾಲದಲ್ಲಿ ದಾರಿ ಹಿಮದಲ್ಲಿ ಮುಚ್ಚಿ, ಆಸ್ಪತ್ರೆಗೆ ಸಾಗಿಸಲಾಗದೆ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೆ ತಮ್ಮ ಎರಡು ವರ್ಷದ ಮಗನನ್ನು ಕಳೆದುಕೊಂಡರು. ಹಿಮದ ಮೇಲೆ ಓಡುವ ಗಾಡಿಗಾಗಿ ಅವರು ಮುಂದೆ ಪಟ್ಟ ಪಾಡಿನ ಹಿಂದೆ ಆ ನೋವಿದೆ. 1959ರಲ್ಲಿ ಅವರ ಸ್ಕಿ-ಡೂ ಬಂತು. ಡೀಲರ್ ಇಲ್ಲದ ಜಾಗದಲ್ಲಿ ಓಡಬೇಕಾದ ಯಂತ್ರಕ್ಕೆ ಡೀಲರ್ ಇಲ್ಲದೆ ಬದುಕುವ ಗುಣವೂ ಇರಬೇಕಲ್ಲವಾ? ಅಲಾಸ್ಕದ ಹಳ್ಳಿಗಳಲ್ಲಿ ಬಿಡಿಭಾಗ ವಿಮಾನದಲ್ಲಿ ಬರಬೇಕು. ಅಲ್ಲಿ ಬೇಟೆಗೆ ಹೋದವನಿಗೆ ಆ ಸಂಖ್ಯೆ ಏನು ಉಪಯೋಗ?

ಯುವತಿ: ಆ ತಪ್ಪು ನನ್ನ ಕಂಪ್ಯೂಟರಿನದಲ್ಲ, ಅದಕ್ಕೆ ಬೀಗ ಹಾಕಿದವರದ್ದು. ಸಂಖ್ಯೆಯ ಅರ್ಥ, ಯಾವ ಸೆನ್ಸರ್ ಎಷ್ಟು ತೋರಿಸಬೇಕು, ಯಾವ ತಂತಿ ಎಲ್ಲಿಗೆ ಹೋಗುತ್ತದೆ, ಇವೆಲ್ಲ ಮಾಲೀಕನ ಕೈಯಲ್ಲೇ ಇರಬೇಕು ಅಂತ ನಾನೂ ವಾದಿಸುತ್ತೇನೆ. ಬೀಗ ತೆಗೆದರೆ ಇಂಜೆಕ್ಷನ್ ಎಂಜಿನ್ ನಿಮ್ಮ ಪ್ಲಗ್ಗಿಗಿಂತ ಹೆಚ್ಚು ಬಿಚ್ಚಿ ಮಾತಾಡುತ್ತದೆ. ಆದರೆ ನನ್ನ ಪ್ರಶ್ನೆಗೂ ನೀವು ಉತ್ತರ ಕೊಡಬೇಕು. ನಿಮ್ಮ ಹಾಗೆ ಕೈ ಪಳಗಿದವರು ಊರಿಗೊಬ್ಬರು. ಕೈ ಪಳಗದವನೂ ಚಳಿಯಲ್ಲಿ ಮನೆ ಸೇರಬೇಕು. ಅವನ ಜೀವ ಅವನ ಪರಿಣತಿಯ ಮೇಲೆ ನಿಂತಿರಬೇಕು ಅನ್ನುವುದು ನ್ಯಾಯವೇ? ಕೆಡದ ಯಂತ್ರ ಮಾಡುವುದೇ ಎಲ್ಲರಿಗೂ ಸಮನಾದ ದಾರಿ.

ಹಿರಿಯರು: ಅವನಿಗೆ ಕೆಡದ ಯಂತ್ರ ಕೊಡು, ಬೇಡ ಅನ್ನುವುದಿಲ್ಲ. ಆದರೆ ಕೆಡುವುದಿಲ್ಲ ಅಂತ ಅವನಿಗೆ ಹೇಳಬೇಡ. ಯಂತ್ರ ಎಷ್ಟು ಒಳ್ಳೆಯದೋ ಅಷ್ಟು ದೂರ ಅವನು ಹೋಗುತ್ತಾನೆ, ಅದೂ ಏನೂ ಕಲಿಯದೆ. ಒಂದು ಜೊತೆ ಪ್ಲಗ್, ಪ್ಲಗ್ ಸ್ಪ್ಯಾನರ್, ಸ್ವಲ್ಪ ಎಣ್ಣೆ, ಡ್ರೈವ್ ಬೆಲ್ಟ್, ಬೆಂಕಿಪೆಟ್ಟಿಗೆ ಇಷ್ಟು ಜೊತೆಗಿಟ್ಟುಕೊಂಡು, ಇವುಗಳಿಂದ ಏನು ಮಾಡಬಹುದು ಅಂತ ಬಿಸಿಲಿರುವಾಗ ಒಂದು ಸಲ ಮಾಡಿ ನೋಡಿದವನು ಪರಿಣತನಾಗಬೇಕಿಲ್ಲ. ಅಷ್ಟನ್ನು ಕಲಿಸುವುದು ಎಲ್ಲರಿಗೂ ಸಮನಾದ ದಾರಿ ಅಲ್ಲ ಅಂತ ಯಾಕೆ ಅನ್ನುತ್ತೀ?

ಯುವತಿ: ಕಲಿಯಲು ಬಿಡುವಿಲ್ಲದವರು, ಶಕ್ತಿಯಿಲ್ಲದವರು ಇದ್ದಾರೆ ಅಂತ. ಅವರನ್ನು ಬಿಟ್ಟು ನಾನು ಎಂಜಿನ್ ಬರೆಯಲಾರೆ. ಇರಲಿ, ಕೋಷ್ಟಕ ನೋಡಿದೆ. ನಮ್ಮ ಎತ್ತರಕ್ಕೆ, ಈ ಚಳಿಗೆ ಮೇನ್ ಜೆಟ್ ಎಷ್ಟಿರಬೇಕೋ ಗುರುತು ಹಾಕಿಕೊಂಡಿದ್ದೇನೆ. ಅದನ್ನೇ ಹಾಕಲೇ?

ಹಿರಿಯರು: ಅದಕ್ಕಿಂತ ಒಂದು ಮೆಟ್ಟಿಲು ದೊಡ್ಡದು ಹಾಕಿ ಶುರು ಮಾಡು. ಮಸಿ ಕಂಡರೆ ಇಳಿಸಬಹುದು. ಚಿಕ್ಕದರಿಂದ ಶುರು ಮಾಡಿದರೆ ತಪ್ಪು ಗೊತ್ತಾಗುವ ಹೊತ್ತಿಗೆ ಪಿಸ್ಟನ್ ಇರುವುದಿಲ್ಲ. ಬೇರೆ ಯಾವುದನ್ನೂ ಜೊತೆಗೆ ಬದಲಿಸಬೇಡ. ಒಂದು ಬದಲಿಸು, ಓಡಿಸು, ನೋಡು.

ಯುವತಿ: ಹಾಗೇ ಮಾಡುತ್ತೇನೆ. ಆದರೆ ಎರಡೂ ಎಕ್ಸಾಸ್ಟಿಗೆ ತಾಪಮಾನದ ಸೆನ್ಸರ್ ಕಟ್ಟಿ, ಹ್ಯಾಂಡಲ್ ಮೇಲೆ ಮೀಟರ್ ಕೂರಿಸುತ್ತೇನೆ. ಪ್ಲಗ್ ಬಿಚ್ಚುವ ತನಕ ಕಾಯುವ ಮನಸ್ಸು ನನಗಿಲ್ಲ. ಓಡುತ್ತಿರುವಾಗಲೇ ಕಾವು ಏರುವುದು ಕಾಣಬೇಕು.

ಹಿರಿಯರು: ಕೂರಿಸು, ಆ ಮೀಟರ್ ನನಗೂ ಬೇಕು. ಎಂಜಿನ್ ಬೆಚ್ಚಗಾಗುವ ಮೊದಲು ಮಾತ್ರ ಥ್ರಾಟಲ್ ಎಳೆಯಬೇಡ. ಪಿಸ್ಟನ್ ಬೇಗ ಹಿಗ್ಗುತ್ತದೆ, ಹೊರಗಿನ ಸಿಲಿಂಡರ್ ಇನ್ನೂ ತಣ್ಣಗೇ ಇರುತ್ತದೆ, ಆಗಲೂ ಸೀಜ್ ಆಗುತ್ತದೆ. ಓಡಿಸಿ ಬಂದು ಪ್ಲಗ್ ಬಿಚ್ಚೋಣ. ಮೀಟರೂ ಪ್ಲಗ್ಗೂ ಒಂದೇ ಮಾತು ಹೇಳಿದರೆ ನಂಬೋಣ.

ಯುವತಿ: ಬೇರೆ ಬೇರೆ ಹೇಳಿದರೆ?

ಹಿರಿಯರು: ಯಾವುದು ಸರಿ ಅಂತ ನಾವಿಬ್ಬರೂ ಮತ್ತೆ ವಾದ ಮಾಡೋಣ. ವಾದ ಮುಗಿಯುವ ತನಕ ಸ್ಲೆಡ್ ಸರೋವರ ದಾಟುವುದು ಬೇಡ.

ಯುವತಿ: ಅದಕ್ಕೆ ಒಪ್ಪಿಗೆ. ಆ ವಾದದಲ್ಲಿ ಮೀಟರಿನ ಪರ ನಿಲ್ಲುವವಳು ನಾನು ಅನ್ನುವುದು ಮಾತ್ರ ನೆನಪಿರಲಿ.